ಹುಳದ ಮಾತ್ರೆ ಕೆಲಸ ಮಾಡುತ್ತದೆ ಅಂತ ಗೊತ್ತಾಗುವುದು ಹೇಗೆ?

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಹೊಸದುರ್ಗದವರೆಗೆ ಯಾವ ಶಾಲೆಗೆ ಹೋದರೂ ಮಕ್ಕಳಿಗೆ ಹುಳದ ಮಾತ್ರೆಯ ದಿನ ಗೊತ್ತು. ಟೀಚರು ಸಾಲಾಗಿ ಕೂರಿಸಿ ಒಬ್ಬೊಬ್ಬರಿಗೂ ಒಂದೊಂದು ಮಾತ್ರೆ ಕೊಡುತ್ತಾರೆ. ಹಾಗೇ ನುಂಗಬೇಡ, ಜಗಿದು ನುಂಗು ಅನ್ನುತ್ತಾರೆ. ಅದು 400 ಮಿಲಿಗ್ರಾಂ ಅಲ್ಬೆಂಡಜೋಲ್. 2015ರ ಫೆಬ್ರವರಿಯಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಲೆಕ್ಕದಲ್ಲಿ 1ರಿಂದ 19 ವರ್ಷದ ಎಲ್ಲರಿಗೂ ಇದನ್ನು ಕೊಡುತ್ತಾರೆ. ಎರಡು ವರ್ಷ ತುಂಬದ ಮಗುವಿಗೆ ಅರ್ಧ ಮಾತ್ರೆ, ಪುಡಿಮಾಡಿ. ದೇಶದಲ್ಲಿ ಸಾಮಾನ್ಯವಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10 ಇದರ ದಿನಗಳು. ಕೇರಳದಲ್ಲಿ ದಿನ ಒಮ್ಮೊಮ್ಮೆ ಆಚೀಚೆ ಆಗುತ್ತದೆ.

ಇಲ್ಲಿ ಒಂದು ವಿಚಿತ್ರ ಇದೆ ನೋಡಿ. ಮಾತ್ರೆ ತಿನ್ನುವ ಮಗುವಿನ ಹೊಟ್ಟೆಯಲ್ಲಿ ಹುಳ ಇದೆಯೋ ಇಲ್ಲವೋ ಅಂತ ಯಾರೂ ಪರೀಕ್ಷೆ ಮಾಡಿರುವುದಿಲ್ಲ. ತಿಂದ ಮೇಲೆ ಹುಳ ಹೋಯಿತೋ ಇಲ್ಲವೋ ಅಂತಲೂ ನೋಡುವುದಿಲ್ಲ. ಕೋಟ್ಯಂತರ ಮಕ್ಕಳಿಗೆ ಹಾಗೆ ಕೊಡಬಹುದು ಅಂತ ತೀರ್ಮಾನಿಸಬೇಕಾದರೆ, ಆ ಮದ್ದನ್ನು ಬೇರೆಲ್ಲೋ ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಿರಬೇಕು. ಆ ಪರೀಕ್ಷೆ ಹೇಗೆ ನಡೆಯುತ್ತದೆ? ಕೇಳುವುದಕ್ಕೆ ಸುಲಭ: ಮದ್ದು ಕೊಟ್ಟರು, ಹುಳ ಹೋಯಿತು, ಮುಗಿಯಿತು. ಆದರೆ ಯಾವ ಹುಳ, ಯಾವಾಗ ನೋಡಿದರು, ಏನನ್ನು ಎಣಿಸಿದರು, ಯಾರ ಜೊತೆ ಹೋಲಿಸಿದರು ಅನ್ನುವುದರ ಮೇಲೆ ಒಂದೇ ಮಾತ್ರೆಗೆ 96 ಅಂಕವೂ ಸಿಗಬಹುದು, 3 ಅಂಕವೂ ಸಿಗಬಹುದು. ಉತ್ಪ್ರೇಕ್ಷೆ ಅಲ್ಲ, ಆ ಎರಡೂ ಅಂಕಗಳು ಮುಂದೆ ಬರುತ್ತವೆ.

ಮೊದಲು ಹುಳಗಳು. ಮಣ್ಣಿನ ಮೂಲಕ ಹರಡುವ ಮುಖ್ಯ ಹುಳಗಳು ಮೂರು ಬಗೆ. ಒಂದು ದುಂಡುಹುಳು. ಎರೆಹುಳದಷ್ಟು ದಪ್ಪ, ಒಂದು ಗೇಣಿಗಿಂತ ಉದ್ದವೂ ಆಗಬಹುದು. ನಾವು ಜಂತುಹುಳು ಅಂದಾಗ ಕಣ್ಣಿಗೆ ಬರುವುದು ಇದೇ. ಹೆಣ್ಣುಹುಳ ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಎರಡನೆಯದು ಚಾಟಿಹುಳು. ಮೂರ್ನಾಲ್ಕು ಸೆಂಟಿಮೀಟರ್ ಉದ್ದ ಅಷ್ಟೆ, ಆದರೆ ಕೂದಲಿನಂಥ ತಲೆಯ ಭಾಗವನ್ನು ದೊಡ್ಡಕರುಳಿನ ಒಳಪದರಕ್ಕೆ ಹೊಲಿದುಕೊಂಡು ಕೂರುತ್ತದೆ. ಈ ಎರಡೂ ಹುಳಗಳ ಮೊಟ್ಟೆ ಕೊಳೆ ಕೈ, ತೊಳೆಯದ ತರಕಾರಿ ಮೂಲಕ ಬಾಯಿಗೆ ಹೋಗುತ್ತದೆ.

ಮೂರನೆಯದು ಕೊಕ್ಕೆಹುಳು. ನಮ್ಮ ಕಡೆಯವರು ಇದನ್ನು ಸ್ವಲ್ಪ ಜಾಸ್ತಿ ಗಮನಿಸಬೇಕು. ಇದರ ಮರಿಗೆ ತೇವ ಬೇಕು, ನೆರಳು ಬೇಕು, ಹೊಕ್ಕುವುದಕ್ಕೆ ಬರಿಗಾಲು ಬೇಕು. ಮಳೆಗಾಲದ ಅಡಿಕೆ ತೋಟದಲ್ಲಿ ಮೂರೂ ಇರುತ್ತವೆ. ಜೊತೆಗೆ ಬಯಲಿನಲ್ಲಿ ಮಲವಿಸರ್ಜನೆಯೂ ಇದ್ದರೆ ಹುಳದ ಬದುಕು ಸುಸೂತ್ರ. ಮರಿ ಅಂಗಾಲಿನ ಚರ್ಮ ಕೊರೆದು ರಕ್ತಕ್ಕೆ ಸೇರಿ, ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಹತ್ತಿ, ನುಂಗಿದಾಗ ಹೊಟ್ಟೆಗಿಳಿದು, ಸಣ್ಣಕರುಳಿಗೆ ಕಚ್ಚಿಕೊಳ್ಳುತ್ತದೆ. ಒಂದು ಹುಳ ದಿನಕ್ಕೆ ಕುಡಿಯುವ ರಕ್ತ ಜಾತಿಯ ಪ್ರಕಾರ 0.03ರಿಂದ 0.2 ಮಿಲಿಲೀಟರ್. ಹತ್ತು ಹುಳ ಇದ್ದರೆ ಗೊತ್ತೇ ಆಗುವುದಿಲ್ಲ. ನೂರಾರು ಇದ್ದರೆ ಮುಖ ಬಿಳಿಚಿಕೊಳ್ಳುತ್ತದೆ, ಗುಡ್ಡ ಹತ್ತಿದರೆ ಏದುಸಿರು ಬರುತ್ತದೆ. 1920ರ ದಶಕದಲ್ಲೇ ಮದ್ರಾಸ್ ಪ್ರಾಂತ್ಯದಲ್ಲಿ ರಾಕ್‌ಫೆಲ್ಲರ್ ಫೌಂಡೇಶನ್ ಕೊಕ್ಕೆಹುಳದ ವಿರುದ್ಧ ಕೆಲಸ ಮಾಡಿತ್ತು. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯೊಳಗೆ, ಅಂದರೆ ಮದ್ರಾಸಿನೊಳಗೇ ಇತ್ತು. ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು.

ಈಗ ಪರೀಕ್ಷೆಗೆ ಬರೋಣ. ಜ್ವರದ ಮದ್ದಾದರೆ ಥರ್ಮಾಮೀಟರ್ ಇದೆ. ಕರುಳಿನೊಳಗಿನ ಹುಳವನ್ನು ಎಣಿಸುವುದು ಹೇಗೆ? ಎಣಿಸಲು ಆಗುವುದಿಲ್ಲ. ಆದ್ದರಿಂದ ಮಲದಲ್ಲಿ ಬರುವ ಮೊಟ್ಟೆ ಎಣಿಸುತ್ತಾರೆ. ಜಗತ್ತಿನಲ್ಲೆಲ್ಲ ಇದಕ್ಕೆ ಬಳಸುವ ವಿಧಾನಕ್ಕೆ ಕಾಟೋ-ಕಾಟ್ಜ್ ಅಂತ ಹೆಸರು. ಜಪಾನಿನಲ್ಲಿ 1950ರ ದಶಕದಲ್ಲಿ ಹುಟ್ಟಿ, 1972ರಲ್ಲಿ ಬ್ರೆಜಿಲ್‌ನಲ್ಲಿ ಇಂದಿನ ರೂಪಕ್ಕೆ ಬಂತು. ಕೆಲಸ ತೀರಾ ಸರಳ. ಮಲವನ್ನು ಸಣ್ಣ ಜಾಲರಿಯಲ್ಲಿ ಸೋಸುತ್ತಾರೆ. ತೂತಿರುವ ಒಂದು ಪಟ್ಟಿಯನ್ನು ಗಾಜಿನ ಸ್ಲೈಡ್ ಮೇಲಿಟ್ಟು ಆ ತೂತು ತುಂಬಿಸುತ್ತಾರೆ. ತೂತಿನಲ್ಲಿ ಹಿಡಿಯುವುದು 41.7 ಮಿಲಿಗ್ರಾಂ. ಪಟ್ಟಿ ತೆಗೆದು, ಗ್ಲಿಸರಿನ್‌ನಲ್ಲಿ ನೆನೆಸಿದ ಸೆಲ್ಲೋಫೇನ್ ಹಾಳೆ ಮುಚ್ಚಿ ಒತ್ತುತ್ತಾರೆ. ಗ್ಲಿಸರಿನ್ ಉಳಿದ ಕಸವನ್ನೆಲ್ಲ ಪಾರದರ್ಶಕ ಮಾಡುತ್ತದೆ, ಮೊಟ್ಟೆಗಳು ಎದ್ದು ಕಾಣುತ್ತವೆ. ಸೂಕ್ಷ್ಮದರ್ಶಕದಲ್ಲಿ ಎಣಿಸಿ 24ರಿಂದ ಗುಣಿಸಿದರೆ ಒಂದು ಗ್ರಾಂ ಮಲದಲ್ಲಿ ಎಷ್ಟು ಮೊಟ್ಟೆ ಅಂತ ಸಿಗುತ್ತದೆ.

ಸರಳವೇ, ಆದರೆ ಇದರಲ್ಲಿ ಮೋಸಹೋಗುವ ಜಾಗಗಳು ತುಂಬಾ ಇವೆ. ಕೊಕ್ಕೆಹುಳದ ಮೊಟ್ಟೆಯ ಸಿಪ್ಪೆ ತೆಳು. ಸ್ಲೈಡ್ ಮಾಡಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ನೋಡದಿದ್ದರೆ ಅದೇ ಗ್ಲಿಸರಿನ್ ಆ ಮೊಟ್ಟೆಯನ್ನೂ ಪಾರದರ್ಶಕ ಮಾಡಿಬಿಡುತ್ತದೆ. ಟೆಕ್ನೀಶಿಯನ್ ಚಹಾ ಕುಡಿದು ತಡವಾಗಿ ಬಂದರೆ ರೋಗಿ ವಾಸಿಯಾದಂತೆ ಲೆಕ್ಕ! ಇನ್ನೊಂದು, ಮೊಟ್ಟೆಗಳು ಮಲದಲ್ಲಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಅನ್ನ ಬೆಂದಿದೆಯೋ ನೋಡಲು ಒಂದು ಅಗುಳು ಸಾಕು, ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇವತ್ತು ಸಿಕ್ಕಿದ್ದು ನಾಳೆ ಸಿಗದೇ ಇರಬಹುದು. ಅದಕ್ಕೇ ಒಳ್ಳೆಯ ಪ್ರಯೋಗಗಳಲ್ಲಿ ಎರಡು ಬೇರೆ ಬೇರೆ ದಿನದ ಮಲ ತೆಗೆದುಕೊಂಡು, ಒಂದೊಂದರಿಂದ ಎರಡೆರಡು ಸ್ಲೈಡ್ ಮಾಡಿ, ಒಟ್ಟು ನಾಲ್ಕು ನೋಡುತ್ತಾರೆ. ಒಂದೇ ಸ್ಲೈಡ್ ನೋಡಿದ ಪ್ರಯೋಗದಲ್ಲಿ ಮದ್ದು ಜಾಸ್ತಿ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಉಳಿದ ಹುಳ ಕಣ್ಣಿಗೆ ಬೀಳುವುದಿಲ್ಲ. ಸೋಮಾರಿ ಪರೀಕ್ಷೆಯಿಂದ ಮದ್ದಿಗೆ ಒಳ್ಳೆಯ ಹೆಸರು ಬರುವ ಕ್ಷೇತ್ರ ಇದು.

ಇನ್ನು ಲೆಕ್ಕ. ಫಲಿತಾಂಶ ಹೇಳಲು ಎರಡು ಅಳತೆಗಳಿವೆ. ಮೊದಲು ಮೊಟ್ಟೆ ಇದ್ದು ಈಗ ಒಂದೂ ಕಾಣದವರು ನೂರಕ್ಕೆ ಎಷ್ಟು ಮಂದಿ? ಇದು ವಾಸಿಯಾದವರ ಪ್ರಮಾಣ. ಎಲ್ಲರ ಮೊಟ್ಟೆ ಸೇರಿಸಿ ನೋಡಿದರೆ ನೂರಕ್ಕೆ ಎಷ್ಟು ಪಾಲು ಕಡಿಮೆ ಆಯಿತು? ಇದು ಮೊಟ್ಟೆ ಇಳಿಕೆಯ ಪ್ರಮಾಣ. ಎರಡೂ ಒಂದೇ ಅಂತ ಅನ್ನಿಸುತ್ತದೆ, ಅಲ್ವಾ? ಒಂದು ಲೆಕ್ಕ ಮಾಡಿ ನೋಡೋಣ.

ಐದು ಮಕ್ಕಳು ಅಂದುಕೊಳ್ಳಿ. ಮದ್ದಿಗೆ ಮೊದಲು ಅವರ ಮೊಟ್ಟೆ ಎಣಿಕೆ, ಗ್ರಾಂಗೆ, 240, 480, 720, 960 ಮತ್ತು 24,000. ಮದ್ದಿನ ನಂತರ ಮೊದಲ ನಾಲ್ವರಲ್ಲಿ ಸೊನ್ನೆ, ಐದನೆಯ ಮಗುವಿನಲ್ಲಿ 12,000. ಐವರಲ್ಲಿ ನಾಲ್ವರು ವಾಸಿ, ಅಂದರೆ ಶೇಕಡಾ 80. ಪತ್ರಿಕೆಯಲ್ಲಿ ಹಾಕುವಂಥ ಅಂಕ. ಈಗ ಸರಾಸರಿ ತೆಗೆಯಿರಿ. ಮೊದಲು 5,280 ಇದ್ದದ್ದು ಈಗ 2,400. ಇಳಿಕೆ ಶೇಕಡಾ 55ಕ್ಕಿಂತ ಸ್ವಲ್ಪ ಕಡಿಮೆ. ಅರ್ಧಕ್ಕರ್ಧ ಮೊಟ್ಟೆ ಈಗಲೂ ಮಣ್ಣಿಗೆ ಬೀಳುತ್ತಿದೆ. ಆ ಒಂದು ಮಗುವಿನ ಕರುಳಿನಲ್ಲಿ ಹುಳ ಈಗಲೂ ಜೋರಾಗಿಯೇ ಇದೆ, ಕಷ್ಟಪಡುತ್ತಿರುವುದೂ ಅದೇ ಮಗು.

ಇದು ಸುಮ್ನೆ ಕಟ್ಟಿದ ಉದಾಹರಣೆ ನಿಜ, ಆದರೆ ಹುಳಗಳ ಹಂಚಿಕೆ ಊರಲ್ಲಿ ಹೀಗೆಯೇ ಇರುತ್ತದೆ. ಹೆಚ್ಚಿನವರಲ್ಲಿ ನಾಲ್ಕಾರು ಹುಳ, ಕೆಲವೇ ಮಂದಿಯಲ್ಲಿ ರಾಶಿ. ಇದರಲ್ಲಿ ಇನ್ನೊಂದು ಮಸಲತ್ತೂ ಇದೆ. ಸಂಖ್ಯಾಶಾಸ್ತ್ರದಲ್ಲಿ ಸರಾಸರಿ ತೆಗೆಯುವ ಬೇರೆ ಬೇರೆ ದಾರಿಗಳಿವೆ. ನಾವು ಶಾಲೆಯಲ್ಲಿ ಕಲಿತ ಕೂಡಿಸಿ ಭಾಗಿಸುವ ಸರಾಸರಿಯ ಬದಲು ಗುಣೋತ್ತರ ಸರಾಸರಿ ತೆಗೆದರೆ ಅದೇ ಐದು ಮಕ್ಕಳಲ್ಲಿ ಇಳಿಕೆ ಶೇಕಡಾ 99 ದಾಟುತ್ತದೆ. ಅದು ದೊಡ್ಡ ಸಂಖ್ಯೆಗಳನ್ನು ಕುಗ್ಗಿಸಿಬಿಡುವ ಲೆಕ್ಕ. ಅದೇ ಮಕ್ಕಳು, ಅದೇ ಮದ್ದು. ಒಂದು ಲೆಕ್ಕದಲ್ಲಿ 55, ಇನ್ನೊಂದರಲ್ಲಿ 99. ವಿಶ್ವ ಆರೋಗ್ಯ ಸಂಸ್ಥೆ 2013ರ ತನ್ನ ಕೈಪಿಡಿಯಲ್ಲಿ ಶಾಲೆಯ ಸರಾಸರಿಯನ್ನೇ ಬಳಸಿ ಅಂತ ಹೇಳಿದೆ. ಅಲ್ಬೆಂಡಜೋಲ್‌ಗೆ ಅದು ಇಟ್ಟ ಪಾಸ್ ಅಂಕವೂ ಮೊಟ್ಟೆ ಇಳಿಕೆಯ ಮೇಲೆಯೇ ನಿಂತಿದೆ: ದುಂಡುಹುಳಕ್ಕೆ ಶೇಕಡಾ 95, ಕೊಕ್ಕೆಹುಳಕ್ಕೆ 90, ಚಾಟಿಹುಳಕ್ಕೆ 50. ಚಾಟಿಹುಳದಲ್ಲಿ ಐವತ್ತು ತೆಗೆದರೂ ಪಾಸ್! ಯಾಕೆ ಅಂತ ಸ್ವಲ್ಪ ಮುಂದೆ ಗೊತ್ತಾಗುತ್ತದೆ.

ಮದ್ದು ಕೊಟ್ಟು ಎಷ್ಟು ದಿನ ಬಿಟ್ಟು ನೋಡಬೇಕು ಅನ್ನುವುದೂ ದೊಡ್ಡ ಪ್ರಶ್ನೆ. ಬೇಗ ನೋಡಿದರೆ ತೊಂದರೆ: ಮದ್ದಿನ ಹೊಡೆತಕ್ಕೆ ಹುಳ ಸಾಯದೆ ಕೆಲವು ದಿನ ಮೊಟ್ಟೆ ಇಡುವುದನ್ನು ನಿಲ್ಲಿಸಿರಬಹುದು. ತಡವಾಗಿ ನೋಡಿದರೂ ತೊಂದರೆ: ಮಗು ಅದೇ ಅಂಗಳದಲ್ಲಿ ಆಡಿ ಹೊಸ ಹುಳ ಹತ್ತಿಸಿಕೊಂಡಿರುತ್ತದೆ. ಹೊಸ ಹುಳ ಬೆಳೆದು ಮೊಟ್ಟೆಯಿಡಲು ಕೊಕ್ಕೆಹುಳಕ್ಕೆ ಒಂದೂವರೆ ತಿಂಗಳ ಆಸುಪಾಸು, ದುಂಡುಹುಳಕ್ಕೆ ಎರಡು ಮೂರು ತಿಂಗಳು ಬೇಕು. ಈ ಎರಡರ ನಡುವೆ ಸಿಗುವ ಕಿಂಡಿ 14ರಿಂದ 21 ದಿನ. ಆಗಲೇ ನೋಡಬೇಕು.

ಮನೆಮದ್ದಿನ ಮಾತೂ ಇಲ್ಲೇ ಆಗಲಿ. ನಮ್ಮಲ್ಲಿ ಮಗು ನಿದ್ದೆಯಲ್ಲಿ ಹಲ್ಲು ಕಡಿದರೆ ಅಜ್ಜಿಯಂದಿರು ಹುಳದ ಉಪದ್ರ ಅನ್ನುತ್ತಾರೆ, ಕಹಿ ಕಷಾಯವೋ ಪಪ್ಪಾಯಿ ಬೀಜವೋ ಕೊಡುತ್ತಾರೆ. ಪಪ್ಪಾಯಿ ಬೀಜವನ್ನು ನಿಜವಾಗಿ ಪರೀಕ್ಷೆ ಮಾಡಿದವರಿದ್ದಾರೆ. ನೈಜೀರಿಯಾದಲ್ಲಿ 60 ಮಕ್ಕಳ ಮೇಲೆ ನಡೆದ ಒಂದು ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಅರ್ಧ ಮಕ್ಕಳಿಗೆ ಒಣಗಿಸಿ ಪುಡಿಮಾಡಿದ ಪಪ್ಪಾಯಿ ಬೀಜ ಜೇನಿನಲ್ಲಿ ಕಲಸಿ, ಉಳಿದರ್ಧಕ್ಕೆ ಬರೀ ಜೇನು. ಬೀಜ ತಿಂದವರಲ್ಲಿ ಶೇಕಡಾ 77ರಷ್ಟು ಮಂದಿಯ ಮಲದಲ್ಲಿ ಪರೋಪಜೀವಿ ಕಾಣಲಿಲ್ಲ, ಜೇನು ತಿಂದವರಲ್ಲಿ ಶೇಕಡಾ 17. ಚೆನ್ನಾಗಿದೆ. ಆದರೆ ಮಕ್ಕಳು ಕಡಿಮೆ, ಪರೋಪಜೀವಿಗಳು ಬೇರೆ ಬೇರೆ ಜಾತಿಯವು ಬೆರೆತಿದ್ದವು, ಮತ್ತೆ ನೋಡಿದ್ದು ಏಳೇ ದಿನಕ್ಕೆ. ಮೇಲಿನ ಪ್ಯಾರಾ ಓದಿದವರಿಗೆ ಆ ಏಳು ದಿನದ ತೊಡಕು ಗೊತ್ತಾಯಿತಲ್ಲ. ಮನೆಮದ್ದನ್ನು ನಗೆಯಾಡುವುದೂ ಬೇಡ, ಕಣ್ಣುಮುಚ್ಚಿ ನಂಬುವುದೂ ಬೇಡ. ಮಾತ್ರೆಗೆ ಹಿಡಿದ ಅಳತೆಕೋಲನ್ನೇ ಅದಕ್ಕೂ ಹಿಡಿದರಾಯಿತು.

ಬರೀ ಜೇನು ತಿಂದವರಲ್ಲೂ ಶೇಕಡಾ 17 ಮಂದಿಗೆ ವಾಸಿಯಾಯಿತು, ಗಮನಿಸಿದಿರಾ? ಮದ್ದಿನ ಪರೀಕ್ಷೆಯಲ್ಲಿ ಹೋಲಿಕೆಗೆ ಒಂದು ಗುಂಪು ಯಾಕೆ ಬೇಕು ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಮೊಟ್ಟೆ ಎಣಿಕೆ ದಿನದಿಂದ ದಿನಕ್ಕೆ ಏರುಪೇರು. ಎಣಿಕೆ ಇದ್ದ ದಿನ ಆರಿಸಿಕೊಂಡವರಲ್ಲಿ ಇನ್ನೊಂದು ದಿನ ನೋಡಿದರೆ ಏನೂ ಮದ್ದು ಕೊಡದೆಯೇ ಕೆಲವರಲ್ಲಿ ಸೊನ್ನೆ ಬರುತ್ತದೆ. ಹುಳ ಹೋಗಿರುವುದಿಲ್ಲ, ಕಾಣಿಸಿರುವುದಿಲ್ಲ. ಈ ಪಾಲನ್ನು ಮದ್ದಿನ ಖಾತೆಗೆ ಜಮಾ ಮಾಡಬಾರದು. ಅದಕ್ಕಾಗಿ ಒಂದು ಗುಂಪಿಗೆ ಮದ್ದು, ಇನ್ನೊಂದಕ್ಕೆ ಅದರಂತೆಯೇ ಕಾಣುವ ಸತ್ವವಿಲ್ಲದ ಮಾತ್ರೆ. ಯಾರು ಯಾವ ಗುಂಪು ಅಂತ ಚೀಟಿ ಎತ್ತಿದ ಹಾಗೆ ನಿರ್ಧಾರವಾಗಬೇಕು. ವೈದ್ಯರ ಇಷ್ಟಕ್ಕೆ ಬಿಟ್ಟರೆ ಅವರು ಜಾಸ್ತಿ ಸೋತುಹೋದ ಮಗುವಿಗೆ ನಿಜವಾದ ಮದ್ದು ಕೊಟ್ಟುಬಿಡುತ್ತಾರೆ. ಮನುಷ್ಯ ಸಹಜ ಅದು, ಆದರೆ ಹೋಲಿಕೆ ಕೆಟ್ಟುಹೋಗುತ್ತದೆ. ಸ್ಲೈಡ್ ಎಣಿಸುವವರಿಗೂ ಇದು ಯಾವ ಗುಂಪಿನ ಮಲ ಅಂತ ಗೊತ್ತಿರಬಾರದು. ಹೀಗಿರುವಾಗ, ಹುಳ ಇದೆ ಅಂತ ಗೊತ್ತಿದ್ದೂ ಸತ್ವವಿಲ್ಲದ ಮಾತ್ರೆ ಕೊಡುವುದು ನ್ಯಾಯವೇ ಅಂತ ಕೇಳಬಹುದು. ಒಳ್ಳೆಯ ಪ್ರಶ್ನೆ. ಎರಡು ಮೂರು ವಾರದ ಮಟ್ಟಿಗೆ ಮಾತ್ರ, ಕೊನೆಗೆ ಎಲ್ಲರಿಗೂ ನಿಜವಾದ ಮದ್ದು ಕೊಡುವ ಷರತ್ತಿನ ಮೇಲೆ ಅದನ್ನು ಒಪ್ಪುತ್ತಾರೆ. ಈಗೀಗ ಹೆಚ್ಚಿನ ಪ್ರಯೋಗಗಳಲ್ಲಿ ಹೊಸ ಮದ್ದನ್ನು ಹಳೇ ಮದ್ದಿನ ಜೊತೆಗೇ ಹೋಲಿಸುತ್ತಾರೆ.

ಹಾಗಾದರೆ ನಮ್ಮ ಶಾಲೆಯ ಆ ಮಾತ್ರೆಗೆ ಎಷ್ಟು ಅಂಕ? ಲೋಕದ ಬೇರೆ ಬೇರೆ ಕಡೆ ನಡೆದ ಪ್ರಯೋಗಗಳನ್ನೆಲ್ಲ ಸೇರಿಸಿ ಮಾಡಿದ ಒಂದು ಲೆಕ್ಕ 2017ರಲ್ಲಿ ಬ್ರಿಟನ್ನಿನ ಬಿಎಂಜೆ ಪತ್ರಿಕೆಯಲ್ಲಿ ಬಂತು. ಒಂದೇ ಡೋಸ್ ಅಲ್ಬೆಂಡಜೋಲ್ ತಿಂದವರಲ್ಲಿ ದುಂಡುಹುಳ ಪೂರ್ತಿ ಹೋದದ್ದು ಶೇಕಡಾ 96 ಮಂದಿಯಲ್ಲಿ. ಕೊಕ್ಕೆಹುಳ ಸುಮಾರು 80. ಚಾಟಿಹುಳ 31. ಅದರ ಅಣ್ಣನಂಥ ಮೆಬೆಂಡಜೋಲ್‌ಗೆ ದುಂಡುಹುಳದಲ್ಲಿ ಅಷ್ಟೇ ಅಂಕ, ಚಾಟಿಹುಳದಲ್ಲಿ ಸ್ವಲ್ಪ ಜಾಸ್ತಿ, ಕೊಕ್ಕೆಹುಳದಲ್ಲಿ ಮಾತ್ರ ಸುಮಾರು ಮೂರನೇ ಒಂದು. ಕೊಕ್ಕೆಹುಳ ಇರುವ ಸೀಮೆಯಲ್ಲಿ ಅಲ್ಬೆಂಡಜೋಲ್ ಕೊಡುವುದು ಯಾಕೆ ಅಂತ ಈ ಒಂದು ಅಂಕಿಯೇ ಹೇಳುತ್ತದೆ. ಮಂಗಳೂರಿನ ಮೆಡಿಕಲ್‌ನಲ್ಲಿ ಹುಳದ ಮಾತ್ರೆ ಕೊಡಿ ಅಂತ ಕೇಳಿದಾಗ ಯಾವ ಹುಳಕ್ಕೆ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದೇ.

ಚಾಟಿಹುಳದ ಕಥೆ ಇನ್ನೂ ಸ್ವಾರಸ್ಯದ್ದು. ಟಾಂಜಾನಿಯಾಕ್ಕೆ ಸೇರಿದ ಪೆಂಬಾ ಅನ್ನುವ ದ್ವೀಪ ಇದೆ, ಲವಂಗ ಬೆಳೆಯುವ ಜಾಗ. ಹುಳದ ಮದ್ದಿನ ಪ್ರಯೋಗಗಳಿಗೆ ಅದು ಹೆಸರುವಾಸಿ. 2014ರಲ್ಲಿ ಪ್ರಕಟವಾದ ಅಲ್ಲಿನ ಪ್ರಯೋಗದಲ್ಲಿ ಅಲ್ಬೆಂಡಜೋಲ್ ಮಾತ್ರ ತಿಂದ ಮಕ್ಕಳಲ್ಲಿ ಚಾಟಿಹುಳ ಪೂರ್ತಿ ಹೋದದ್ದು ಶೇಕಡಾ 2.6 ಮಂದಿಯಲ್ಲಿ. ಮೊದಲು ಹೇಳಿದ ಮೂರು ಅಂಕ ಇದೇ. ಅದಕ್ಕೆ ಆಕ್ಸಾಂಟೆಲ್ ಪಾಮೋಯೇಟ್ ಅನ್ನುವ ಇನ್ನೊಂದು ಮದ್ದು ಸೇರಿಸಿದಾಗ ವಾಸಿಯಾದವರು ಶೇಕಡಾ 31 ಅಷ್ಟೇ, ಆದರೆ ಮೊಟ್ಟೆ ಇಳಿಕೆ ಶೇಕಡಾ 96. ನಮ್ಮ ಐದು ಮಕ್ಕಳ ಲೆಕ್ಕ ಇಲ್ಲಿ ತಿರುಗುಮುರುಗಾಯಿತು. ಮೂರರಲ್ಲಿ ಎರಡು ಪಾಲು ಮಕ್ಕಳು ಹುಳದಿಂದ ಬಿಡಿಸಿಕೊಳ್ಳಲಿಲ್ಲ, ಆದರೂ ಹುಳದ ಹೊರೆ ಬಹುತೇಕ ಇಳಿಯಿತು. ನನ್ನನ್ನು ಕೇಳಿದರೆ ಊರಿನ ಆರೋಗ್ಯದ ದೃಷ್ಟಿಯಿಂದ ಎರಡನೆಯ ಅಂಕವೇ ಮುಖ್ಯ. ಎರಡು ಹುಳ ಉಳಿದ ಮಗು ಆಟ ಆಡುತ್ತದೆ, ಇನ್ನೂರು ಹುಳದ ಮಗು ಮೂಲೆ ಹಿಡಿಯುತ್ತದೆ.

ಆಮೇಲೆ ಐವರ್‌ಮೆಕ್ಟಿನ್ ಸೇರಿಸಿ ನೋಡಿದರು. ಕೋವಿಡ್ ಕಾಲದಲ್ಲಿ ಸುಮ್ಮನೆ ಹೆಸರು ಕೆಡಿಸಿಕೊಂಡ ಮದ್ದು ಇದು. ಅದರ ನಿಜವಾದ ಕೆಲಸ ಹುಳ ಕೊಲ್ಲುವುದು. ಅದನ್ನು ಕಂಡುಹಿಡಿದ ಸತೋಷಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರ ನೊಬೆಲ್ ಬಂದದ್ದೂ ಅದಕ್ಕೇ. ಅಲ್ಬೆಂಡಜೋಲ್ ಜೊತೆ ಇದನ್ನು ಸೇರಿಸಿ ಪೆಂಬಾ, ಲಾವೋಸ್ ಮತ್ತು ಐವರಿ ಕೋಸ್ಟ್‌ನಲ್ಲಿ ಒಂದೇ ರೀತಿಯ ಪ್ರಯೋಗ ಮಾಡಿದರು, 2022ರಲ್ಲಿ ಪ್ರಕಟಿಸಿದರು. ಪೆಂಬಾದಲ್ಲಿ ಚಾಟಿಹುಳ ವಾಸಿಯಾದವರು ಶೇಕಡಾ 6ರಿಂದ 49ಕ್ಕೆ ಏರಿದರು. ಲಾವೋಸ್‌ನಲ್ಲಿ 8ರಿಂದ 66ಕ್ಕೆ. ಐವರಿ ಕೋಸ್ಟ್‌ನಲ್ಲಿ? 10ರಿಂದ 14. ಅದೇ ಮಾತ್ರೆ, ಅದೇ ಡೋಸ್. ಮೊದಲಿಗೆ ತಲೆಬುಡ ಅರ್ಥವಾಗಲಿಲ್ಲ. ಆ ಹುಳಗಳ ವಂಶವಾಹಿ ಬಿಡಿಸಿ ನೋಡಿದಾಗ ಅಲ್ಲಿದ್ದದ್ದು ನಾವು ತಿಳಿದ ಚಾಟಿಹುಳವೇ ಅಲ್ಲ, ನೋಡಲು ಅದರಂತೆಯೇ ಇರುವ ಬೇರೆ ಜಾತಿ ಅಂತ ಗೊತ್ತಾಯಿತು. ಅದಕ್ಕೆ ಟ್ರೈಚುರಿಸ್ ಇನ್‌ಕಾಗ್ನಿಟಾ ಅಂತ ಹೆಸರಿಟ್ಟಿದ್ದಾರೆ. ಸೂಕ್ಷ್ಮದರ್ಶಕದಡಿ ವರ್ಷಾನುಗಟ್ಟಲೆ ಇದ್ದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಂದು ಊರಿನಲ್ಲಿ ಪಾಸಾದ ಮದ್ದು ಇನ್ನೊಂದು ಊರಿನಲ್ಲೂ ಪಾಸಾಗುತ್ತದೆ ಅಂತ ಹೇಳಲು ಬರುವುದಿಲ್ಲ, ಅದಕ್ಕೇ ಬೇರೆ ಬೇರೆ ದೇಶಗಳಲ್ಲಿ ಪರೀಕ್ಷೆ ಮಾಡುತ್ತಾರೆ. ಈ ಎರಡು ಮದ್ದನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿದ ರೂಪಕ್ಕೆ 2025ರ ಆರಂಭದಲ್ಲಿ ಯುರೋಪಿನ ಔಷಧ ಸಂಸ್ಥೆಯ ಶಿಫಾರಸು ಸಿಕ್ಕಿದೆ.

ಹಳೇ ಮಾತ್ರೆಯ ಶಕ್ತಿ ಕುಂದುತ್ತಿದೆಯೇ ಅನ್ನುವ ಚಿಂತೆಯೂ ಇದೆ. ಅದೇ 2017ರ ಲೆಕ್ಕದಲ್ಲಿ ಚಾಟಿಹುಳದ ಮೇಲೆ ಅಲ್ಬೆಂಡಜೋಲ್ ತರುವ ಮೊಟ್ಟೆ ಇಳಿಕೆ 1995ರಲ್ಲಿ ಶೇಕಡಾ 73ರಷ್ಟಿದ್ದದ್ದು 2015ಕ್ಕೆ 43ಕ್ಕೆ ಬಂದಿದೆ. ಹುಳ ಮದ್ದಿಗೆ ಒಗ್ಗಿಕೊಂಡಿರಬಹುದು. ಎಣಿಸುವ ಕ್ರಮ ಮೊದಲಿಗಿಂತ ಚುರುಕಾಗಿ ಉಳಿದ ಮೊಟ್ಟೆ ಈಗ ಜಾಸ್ತಿ ಸಿಗುತ್ತಿರಬಹುದು. ಆಡು ಕುರಿಗಳಲ್ಲಿ ಮಾತ್ರ ಸಂಶಯವೇ ಇಲ್ಲ. ಅವುಗಳ ಹೊಟ್ಟೆಹುಳಗಳು ಈ ಬಗೆಯ ಮದ್ದಿಗೆ ಜಗ್ಗದೆ ದಶಕಗಳೇ ಆದವು.

ಆಡು ಕುರಿ ಅಂದದ್ದು ಸುಮ್ಮನೆ ಅಲ್ಲ. ಹುಳದ ಮದ್ದು ಹೆಚ್ಚಾಗಿ ಹಟ್ಟಿಯಿಂದಲೇ ಮನೆಯೊಳಗೆ ಬಂದದ್ದು. ಅಲ್ಬೆಂಡಜೋಲ್ ಮೊದಲು ಜಾನುವಾರು ಮದ್ದು, ಐವರ್‌ಮೆಕ್ಟಿನ್ ಕೂಡ. ಹಿಂದಿನ ಕಾಲದಲ್ಲಿ ಪರೀಕ್ಷೆ ಹೇಗಿತ್ತು ಅಂದರೆ, 1921ರಲ್ಲಿ ಅಮೆರಿಕದ ಪಶುವೈದ್ಯ ಮಾರಿಸ್ ಹಾಲ್ ಕಾರ್ಬನ್ ಟೆಟ್ರಾಕ್ಲೋರೈಡ್ ಅನ್ನುವ ದ್ರವದಿಂದ ನಾಯಿಗಳ ಕೊಕ್ಕೆಹುಳ ಬೀಳುತ್ತದೆ ಅಂತ ಕಂಡು, ತಾನೇ ಸ್ವಲ್ಪ ಕುಡಿದು ನೋಡಿದ. ಬದುಕಿದ. ಕೆಲವೇ ವರ್ಷದಲ್ಲಿ ಲಕ್ಷಾಂತರ ಜನರಿಗೆ ಅದನ್ನು ಕುಡಿಸಿದರು. ಹುಳ ಬಿತ್ತು ನಿಜ, ಕೆಲವರ ಯಕೃತ್ತೂ ಹೋಯಿತು. ಅದು ಬಟ್ಟೆಯ ಕಲೆ ತೆಗೆಯಲೂ ಬೆಂಕಿ ಆರಿಸಲೂ ಬಳಸುತ್ತಿದ್ದ ರಾಸಾಯನಿಕ.

ಈಗ ಹಾಗೆ ನಡೆಯುವುದಿಲ್ಲ. ಪ್ರಾಣಿಗಳಲ್ಲಿ ನೋಡಿದ ಮೇಲೆ ಮೊದಲ ಹಂತದಲ್ಲಿ ಕೆಲವೇ ಆರೋಗ್ಯವಂತ ದೊಡ್ಡವರಿಗೆ ಕೊಟ್ಟು ಸುರಕ್ಷೆ ನೋಡುತ್ತಾರೆ. ಎರಡನೆಯದರಲ್ಲಿ ಹುಳ ಇರುವವರಿಗೆ ಬೇರೆ ಬೇರೆ ಡೋಸ್. ಮೂರನೆಯದರಲ್ಲಿ ನೂರಾರು, ಸಾವಿರಾರು ಮಂದಿಯಲ್ಲಿ ಹಳೇ ಮದ್ದಿನೊಂದಿಗೆ ಹೋಲಿಕೆ. ಮಾರುಕಟ್ಟೆಗೆ ಬಂದ ಮೇಲೂ ನಿಗಾ. ದೊಡ್ಡವರ ಸುರಕ್ಷೆ ಗೊತ್ತಾದ ಮೇಲೆಯೇ ಮಕ್ಕಳ ಸರದಿ. ಈಗ ಈ ದಾರಿಯಲ್ಲಿರುವ ಮದ್ದು ಎಮೊಡೆಪ್ಸೈಡ್. ಜಪಾನಿನ ಕಮೀಲಿಯಾ ಗಿಡದ ಎಲೆಯ ಮೇಲಿನ ಶಿಲೀಂಧ್ರದಿಂದ ಹುಟ್ಟಿದ್ದು, ಬೆಕ್ಕುಗಳ ಹುಳಕ್ಕೆ ಮೊದಲೇ ಬಳಕೆಯಲ್ಲಿದೆ. ಪೆಂಬಾದಲ್ಲೇ ನಡೆದು 2023ರಲ್ಲಿ ಪ್ರಕಟವಾದ ಎರಡನೇ ಹಂತದ ಪ್ರಯೋಗದಲ್ಲಿ ತೀರಾ ಸಣ್ಣ ಡೋಸಿಗೆ, 5 ಮಿಲಿಗ್ರಾಂಗೆ, ಚಾಟಿಹುಳ ವಾಸಿಯಾದವರು ಶೇಕಡಾ 85. ಸತ್ವವಿಲ್ಲದ ಮಾತ್ರೆ ತಿಂದವರಲ್ಲಿ 10. ತಲೆನೋವು, ತಲೆಸುತ್ತು, ಸ್ವಲ್ಪ ಹೊತ್ತು ಕಣ್ಣು ಮಂಜಾಗುವುದು ಕೆಲವರಲ್ಲಿ ಕಂಡಿತ್ತು. ಅದಕ್ಕೇ ಡೋಸ್ ಹುಡುಕಾಟ ಅಷ್ಟು ಸೂಕ್ಷ್ಮ.

ಕರ್ನಾಟಕದಲ್ಲೂ ಇಂಥದ್ದು ನಡೆದಿದೆ. ಆನೆಕಾಲು ರೋಗದ ಹುಳಕ್ಕೆ ಎರಡು ಮದ್ದಿನ ಬದಲು ಮೂರನ್ನು ಒಟ್ಟಿಗೆ ಕೊಟ್ಟರೆ ಸುರಕ್ಷಿತವೇ ಅಂತ ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ದೊಡ್ಡ ಪ್ರಮಾಣದಲ್ಲಿ ನೋಡಿದರು. ಪಪುವಾ ನ್ಯೂಗಿನಿಯಲ್ಲಿ ಆಗಲೇ ಅದು ಗೆದ್ದಿತ್ತು. ಒಂದು ಸಲ ಮೂರು ಮದ್ದು ತಿಂದವರಲ್ಲಿ ಎರಡು ವರ್ಷದ ನಂತರವೂ ಶೇಕಡಾ 96 ಮಂದಿಯ ರಕ್ತದಲ್ಲಿ ಮರಿಹುಳ ಇರಲಿಲ್ಲ, ಎರಡು ಮದ್ದಿನವರಲ್ಲಿ ಅದು 56.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹುಳ ಹೋಯಿತೇ ಅನ್ನುವುದರ ಬಗ್ಗೆ. ಹುಳ ಹೋದರೆ ಮಗು ಬೆಳೆಯುತ್ತದೆಯೇ? ಇದು ಬೇರೆಯೇ ಪ್ರಶ್ನೆ, ಇದರ ಮೇಲೆ ವಿದ್ವಾಂಸರ ನಡುವೆ ದೊಡ್ಡ ಜಗಳವೇ ಆಗಿದೆ. ಕೀನ್ಯಾದ ಬುಸಿಯಾದಲ್ಲಿ 75 ಶಾಲೆಗಳಲ್ಲಿ ನಡೆದ ಪ್ರಯೋಗದ ವರದಿ 2004ರಲ್ಲಿ ಬಂತು. ಹುಳದ ಮಾತ್ರೆಯಿಂದ ಶಾಲೆಗೆ ಗೈರಾಗುವುದು ಕಾಲುಭಾಗ ಕಡಿಮೆಯಾಯಿತು ಅಂತ ಅದು ಹೇಳಿತು. ಅದನ್ನು ಮಾಡಿದವರಲ್ಲಿ ಒಬ್ಬರಾದ ಮೈಕೆಲ್ ಕ್ರೆಮರ್ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಆದರೆ ಬೇರೆಯವರು 2015ರಲ್ಲಿ ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ ತಪ್ಪುಗಳನ್ನು ಎತ್ತಿ ತೋರಿಸಿದರು. ಇತ್ತ ಉತ್ತರ ಪ್ರದೇಶದಲ್ಲಿ ಶಾಲೆಗೆ ಹೋಗುವ ವಯಸ್ಸಾಗದ ಹತ್ತು ಲಕ್ಷ ಮಕ್ಕಳನ್ನು ಸೇರಿಸಿ, 72 ಬ್ಲಾಕುಗಳಲ್ಲಿ, ಆರು ತಿಂಗಳಿಗೊಮ್ಮೆ ಅಲ್ಬೆಂಡಜೋಲ್ ಕೊಟ್ಟು ನೋಡಿದ ದೇವ್ತಾ ಅನ್ನುವ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ತೂಕದಲ್ಲೂ ಸಾವಿನ ಪ್ರಮಾಣದಲ್ಲೂ ಹೇಳುವಂಥ ವ್ಯತ್ಯಾಸ ಸಿಗಲಿಲ್ಲ.

ಇದರಿಂದ ಮಾತ್ರೆ ವ್ಯರ್ಥ ಅನ್ನಬಹುದೇ? ನನಗೆ ಹಾಗೆ ಅನ್ನಿಸುವುದಿಲ್ಲ. ಹುಳ ಕಡಿಮೆ ಇರುವ ಊರಿನಲ್ಲಿ ಎಲ್ಲರಿಗೂ ಮಾತ್ರೆ ಕೊಟ್ಟು ಸರಾಸರಿ ತೂಕ ನೋಡಿದರೆ, ಹೊಟ್ಟೆತುಂಬ ಹುಳ ಇದ್ದ ನಾಲ್ಕು ಮಕ್ಕಳಿಗೆ ಆದ ಲಾಭ ಉಳಿದ ತೊಂಬತ್ತಾರು ಮಕ್ಕಳ ನಡುವೆ ಮುಳುಗಿಹೋಗುತ್ತದೆ. ಜೊತೆಗೆ ಹುಳ ವಾಪಸ್ ಬರುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿದ 2012ರ ಲೆಕ್ಕದಂತೆ ಮದ್ದು ಕೊಟ್ಟ ಒಂದು ವರ್ಷಕ್ಕೆ ದುಂಡುಹುಳ ಮೊದಲಿದ್ದ ಮಟ್ಟದ ಶೇಕಡಾ 94ಕ್ಕೆ ಮರಳುತ್ತದೆ, ಚಾಟಿಹುಳ 82ಕ್ಕೆ, ಕೊಕ್ಕೆಹುಳ 57ಕ್ಕೆ. ಮಾತ್ರೆ ಹೊಟ್ಟೆ ತೊಳೆಯುತ್ತದೆ, ಮಣ್ಣು ತೊಳೆಯುವುದಿಲ್ಲ. ಕಕ್ಕಸು, ಚಪ್ಪಲಿ, ಸೋಪು ಇವುಗಳ ಕೆಲಸ ಅದು.

ಕೊನೆಗೆ, ಇಂಥ ಪ್ರಯೋಗ ನಾಳೆ ನಮ್ಮೂರಿಗೇ ಬಂದರೆ? ಹುಷಾರಾಗಿ ಪ್ರಶ್ನೆ ಕೇಳುವುದಕ್ಕೆ ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು 2000ದವರೆಗೂ ನಡೆದಿತ್ತು. ಪಡ್ರೆ, ಎಣ್ಮಕಜೆಯ ಜನರ ಒಪ್ಪಿಗೆ ಆಗ ಯಾರೂ ಕೇಳಿರಲಿಲ್ಲ. ಮದ್ದಿನ ಪ್ರಯೋಗಕ್ಕೆ ಮಾತ್ರ ಕಾನೂನು ಬೇರೆ. 2019ರ ಹೊಸ ಔಷಧ ಮತ್ತು ವೈದ್ಯಕೀಯ ಪ್ರಯೋಗ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಪ್ರಯೋಗಕ್ಕೆ ಸೇರುವವರ ಲಿಖಿತ ಒಪ್ಪಿಗೆ ಬೇಕು. ಅದು ಅವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಏಳೆಂಟು ಭಾಷೆಯ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ಮಲಯಾಳದ ಕಾಗದ ಮುಂದಿಟ್ಟು ಇಲ್ಲಿ ರುಜು ಹಾಕಿ ಅಂದರೆ, ಕನ್ನಡದಲ್ಲಿ ಕೊಡಿ, ಇಲ್ಲದಿದ್ದರೆ ತುಳುವಿನಲ್ಲಿ ಓದಿ ಹೇಳಿ ಅಂತ ಕೇಳುವ ಹಕ್ಕು ಇದೆ. ಓದಲು ಬಾರದವರಿಗೆ ಸಾಕ್ಷಿಯ ಎದುರಿಗೇ ಓದಿ ಹೇಳಬೇಕು. ಮಗುವಾದರೆ ಅಪ್ಪ ಅಮ್ಮನ ರುಜು, ಏಳು ವರ್ಷ ದಾಟಿದ ಮಗುವನ್ನೂ ಕೇಳಬೇಕು. ಯಾವಾಗ ಬೇಕಾದರೂ ಹೊರಬರಬಹುದು, ಕಾರಣ ಹೇಳಬೇಕಾಗಿಲ್ಲ. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆಯ ಖರ್ಚು ನಡೆಸುವವರದ್ದು.

ಇನ್ನೊಂದು ಕೆಲಸ ಮೊಬೈಲಿನಲ್ಲೇ ಆಗುತ್ತದೆ. ಭಾರತದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪುಸ್ತಕ ಸಿಟಿಆರ್‌ಐ 2007ರಿಂದ ಇದೆ, 2009ರ ಜೂನ್‌ನಿಂದ ನೋಂದಣಿ ಕಡ್ಡಾಯ. ಯಾರು ಬೇಕಾದರೂ ತೆರೆದು ನೋಡಬಹುದು. ಯಾವ ಹುಳ, ಯಾವ ಮದ್ದು, ಯಾವುದರ ಜೊತೆ ಹೋಲಿಕೆ, ಎಷ್ಟನೇ ದಿನ ಪರೀಕ್ಷೆ, ಯಾವ ಅಳತೆ, ಎಲ್ಲವನ್ನೂ ಪ್ರಯೋಗಕ್ಕೆ ಮೊದಲೇ ಅಲ್ಲಿ ಬರೆದಿಡಬೇಕು. ಮೊದಲೇ ಯಾಕೆಂದರೆ, ಫಲಿತಾಂಶ ಬಂದ ಮೇಲೆ 55 ಕೊಡುವ ಲೆಕ್ಕ ಬಿಟ್ಟು 99 ಕೊಡುವ ಲೆಕ್ಕ ಹಿಡಿಯಬಾರದು ಅಂತ.